‘ಗುಡ್’ ಆದಮೇಲೆ ‘ಅಟ್’ ಬರಬೇಕೋ ‘ಇನ್’ ಬರಬೇಕೋ? ಇಂಗ್ಲಿಷ್ ಗುಣವಾಚಕಗಳ ಜೋಡಿ ಕಲಿಯಲು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಹನುಮಂತನಗರದಲ್ಲಿ ಸಂಜೆ ಏಳಕ್ಕೆ ನಾನು ಇಂಗ್ಲಿಷ್ ಕ್ಲಾಸ್ ನಡೆಸುತ್ತೇನೆ. ಮಹಡಿ ಮೇಲಿನ ಒಂದು ರೂಮು, ಎಂಟು ಹತ್ತು ಜನ. ಎಲ್ಲರೂ ಕೆಲಸ ಮುಗಿಸಿಕೊಂಡು ಬರುವವರು. ಅವರಲ್ಲಿ ಒಬ್ಬಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಒಂದು ದಿನ ಬಂದವಳೇ ಮೊಬೈಲ್ ನನ್ನ ಮುಂದೆ ಹಿಡಿದಳು. ಓನರ್‌ಗೆ ಕಳಿಸಿದ ಮೆಸೇಜು ಅದು: ‘ಒನ್ ಕಸ್ಟಮರ್ ಈಸ್ ಆಂಗ್ರಿ ಆನ್ ಮಿ.’

“ಮೇಡಂ, ಇದು ತಪ್ಪಂತೆ. ಯಾಕೆ ಅಂತ ಓನರ್ ಹೇಳಲಿಲ್ಲ. ನನ್ನ ಮೇಲೆ ಕೋಪ ಅಂತಾನೇ ಅಲ್ವಾ ಇದು?”

ಅವಳ ಲೆಕ್ಕ ಸರಿಯಾಗಿಯೇ ಇತ್ತು. ಕನ್ನಡದಲ್ಲಿ ಕೋಪ ಬರುವುದು ಒಬ್ಬರ ಮೇಲೆ. ಮೇಲೆ ಅಂದರೆ ಆನ್. ಎಲ್ಲೂ ಎಡವಿಲ್ಲ. ಆದರೆ ಇಂಗ್ಲಿಷ್‌ನವರು ‘ಆಂಗ್ರಿ ವಿತ್ ಮಿ’ ಅನ್ನುತ್ತಾರೆ. ಅವರ ಭಾಷೆಯಲ್ಲಿ ಕೋಪಕ್ಕೆ ಜೊತೆಯಾಗುವ ಪದ ಬೇರೆ.

ಇದನ್ನೇ ಈ ಬರಹದಲ್ಲಿ ಹೇಳಬೇಕು ಅಂದುಕೊಂಡಿದ್ದೇನೆ. ಆಫ್, ಅಟ್, ಇನ್, ಟು, ಫಾರ್, ವಿತ್ ತರಹದ ಪುಟ್ಟ ಪದಗಳನ್ನು ಪ್ರಿಪೊಸಿಷನ್ ಅನ್ನುತ್ತಾರೆ. ಇವುಗಳಲ್ಲಿ ನಾವು ಮಾಡುವ ತಪ್ಪು ದಡ್ಡತನದಿಂದ ಬಂದಿದ್ದಲ್ಲ. ನಮ್ಮ ಕನ್ನಡ ಗಟ್ಟಿಯಾಗಿದೆ, ಅದಕ್ಕೇ ಅದು ಇಂಗ್ಲಿಷ್ ಒಳಗೂ ಇಣುಕುತ್ತದೆ. ಎಲ್ಲಿ ಇಣುಕುತ್ತದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಉಳಿದರ್ಧಕ್ಕೆ ಒಂದು ನೋಟ್‌ಬುಕ್ಕು ಮತ್ತು ಎರಡು ಮೂರು ವಾರ ಸಾಕು.

ಶುರು ಮಾಡುವ ಮುಂಚೆ ಒಂದು ಮಾತು. ಕನ್ನಡ ಲಿಪಿಯಲ್ಲಿ ಬರೆದಾಗ ಎರಡು ಬೇರೆ ಪದಗಳು ಒಂದೇ ತರಹ ಕಾಣುತ್ತವೆ. ಇಲ್ಲಿ ‘ಆಫ್’ ಅಂದಾಗಲೆಲ್ಲ ಅದು ‘ಬ್ಯಾಂಕ್ ಆಫ್ ಬರೋಡಾ’ದ ಆಫ್, ಒಂದೇ ಎಫ್ ಇರುವುದು. ಲೈಟ್ ಆಫ್ ಮಾಡುವಾಗಿನ ಎರಡು ಎಫ್ ಪದ ಅಲ್ಲ. ಹಳೆಯ ಇಂಗ್ಲಿಷ್‌ನಲ್ಲಿ ಇವೆರಡೂ ಒಂದೇ ಪದವಾಗಿದ್ದವು, ಆಮೇಲೆ ಬೇರೆಯಾದವು. ಈಗ ಕೆಲಸವೂ ಬೇರೆ, ಉಚ್ಚಾರಣೆಯೂ ಬೇರೆ.

ಮೊದಲ ಹೆಜ್ಜೆ: ನಮ್ಮ ಕನ್ನಡವನ್ನೇ ಒಮ್ಮೆ ನೋಡಿಕೊಳ್ಳಿ

ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ವಿಭಕ್ತಿ ನೆನಪಿದೆಯಾ? ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಇಂಗ್ಲಿಷ್‌ನ ಪ್ರಿಪೊಸಿಷನ್ ಮಾಡುವ ಕೆಲಸವನ್ನು ಕನ್ನಡದಲ್ಲಿ ಇವು ಮಾಡುತ್ತವೆ. ಇವುಗಳ ಜೊತೆಗೆ ಮೇಲೆ, ಜೊತೆ, ಬಗ್ಗೆ, ಕಂಡರೆ ತರಹದ ಪದಗಳೂ ಇವೆ. ಇಂಗ್ಲಿಷ್‌ನಲ್ಲಿ ಪದಕ್ಕೆ ಮೊದಲು ಬರುತ್ತದೆ, ನಮ್ಮಲ್ಲಿ ಪದದ ಕೊನೆಗೆ ಅಂಟಿಕೊಳ್ಳುತ್ತದೆ. ವ್ಯತ್ಯಾಸ ಅಷ್ಟೇ.

ನಮ್ಮಲ್ಲೂ ಜೋಡಿಗಳಿವೆ. ನಾಯಿ ‘ಕಂಡ್ರೆ’ ಭಯ. ಮಗನ ‘ಬಗ್ಗೆ’ ಹೆಮ್ಮೆ. ಲೆಕ್ಕ‘ದಲ್ಲಿ’ ಚುರುಕು. ಧೂಳಿ‘ಗೆ’ ಅಲರ್ಜಿ. ಯಾಕೆ ಭಯಕ್ಕೆ ‘ಕಂಡ್ರೆ’ ಬೇಕು, ಹೆಮ್ಮೆಗೆ ‘ಬಗ್ಗೆ’ ಬೇಕು ಅಂತ ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಹಾಗೇ ಹೇಳೋದು, ಅಷ್ಟೇ. ಬೆಂಗಳೂರಿಗೆ ಬಂದು ಕನ್ನಡ ಕಲಿಯುತ್ತಿರುವ ಹಿಂದಿಯವರು ‘ನನಗೆ ನಾಯಿಯಿಂದ ಭಯ’ ಅನ್ನುವುದನ್ನು ನೀವು ಕೇಳಿರಬಹುದು. ಹಿಂದಿಯಲ್ಲಿ ಭಯಕ್ಕೆ ‘ಸೇ’ ಸೇರುತ್ತದೆ, ‘ಸೇ’ ಅಂದರೆ ‘ಇಂದ’. ಅವರು ಅದನ್ನೇ ಹಾಗೆ ಇಳಿಸಿದ್ದಾರೆ. ನಮಗೆ ಅರ್ಥವಾಗುತ್ತದೆ, ಆದರೆ ಕಿವಿಗೆ ಸರಿ ಅನ್ನಿಸುವುದಿಲ್ಲ. ‘ಆಂಗ್ರಿ ಆನ್ ಮಿ’ ಕೇಳಿದಾಗ ಇಂಗ್ಲಿಷ್‌ನವರಿಗೂ ಹೀಗೇ ಆಗುತ್ತದೆ.

ಇನ್ನೊಂದು ಸಂಗತಿಯನ್ನೂ ಇಲ್ಲೇ ಗಮನಿಸಿ. ಕನ್ನಡದಲ್ಲಿ ‘ನನಗೆ ಭಯ’, ‘ನನಗೆ ಆಸಕ್ತಿ’, ‘ನನಗೆ ಹೆಮ್ಮೆ’. ಇಂಗ್ಲಿಷ್‌ನಲ್ಲಿ ಈ ‘ನನಗೆ’ ಹೋಗಿ ‘ಐ ಆಮ್’ ಬರುತ್ತದೆ. ಆಮೇಲೆ ಗುಣವಾಚಕ (ಆಂಗ್ರಿ, ಗುಡ್ ತರಹ ಹೇಗಿದೆ ಅಂತ ಹೇಳುವ ಪದ), ಅದಾದಮೇಲೆ ಪುಟ್ಟ ಪದ, ಕೊನೆಗೆ ಯಾವುದರ ಬಗ್ಗೆ ಮಾತೋ ಅದು. ‘ಐ ಆಮ್’, ‘ಅಫ್ರೈಡ್’, ‘ಆಫ್’, ‘ಡಾಗ್ಸ್’. ಈ ಸಾಲು ಬೆರಳ ತುದಿಯಲ್ಲಿರಲಿ.

ಎರಡನೇ ಹೆಜ್ಜೆ: ‘ಗೆ’ ಅಂದರೆ ‘ಟು’ ಅನ್ನುವ ಅಭ್ಯಾಸ ಬಿಡಿ

ನನ್ನ ಅನುಭವದಲ್ಲಿ ಜಾಸ್ತಿ ತಪ್ಪು ಹುಟ್ಟುವುದು ಇಲ್ಲೇ. ಗೆ ಅಂದರೆ ಟು, ಇಂದ ಅಂದರೆ ಫ್ರಮ್, ಅಲ್ಲಿ ಅಂದರೆ ಇನ್, ಮೇಲೆ ಅಂದರೆ ಆನ್. ಇದನ್ನು ಸಣ್ಣ ವಯಸ್ಸಿನಲ್ಲೇ ಕಲಿತಿರುತ್ತೇವೆ. ‘ಮೈಸೂರಿಗೆ ಹೋಗು’, ‘ಮೈಸೂರಿಂದ ಬಾ’ ಅನ್ನುವ ಕಡೆ ಇದು ಚೆನ್ನಾಗಿ ನಡೆಯುತ್ತದೆ. ಗುಣವಾಚಕದ ಪಕ್ಕ ಬಂದ ಕೂಡಲೇ ನಡೆಯುವುದಿಲ್ಲ.

ಒಂದು ‘ಗೆ’ಯನ್ನೇ ತೆಗೆದುಕೊಳ್ಳಿ. ಧೂಳಿಗೆ ಅಲರ್ಜಿ ಅಂದರೆ ‘ಅಲರ್ಜಿಕ್ ಟು ಡಸ್ಟ್’. ಇಲ್ಲಿ ಟು ಸರಿ. ದೋಸೆಗೆ ಹೆಸರುವಾಸಿ ಅಂದರೆ ‘ಫೇಮಸ್ ಫಾರ್ ದೋಸೆ’. ಇಲ್ಲಿ ಫಾರ್. ಕತ್ತಲೆಗೆ ಹೆದರಿಕೆ ಅಂದರೆ ‘ಅಫ್ರೈಡ್ ಆಫ್ ದಿ ಡಾರ್ಕ್’. ಇಲ್ಲಿ ಆಫ್. ಕನ್ನಡದ ಒಂದೇ ‘ಗೆ’ ಇಂಗ್ಲಿಷ್‌ನಲ್ಲಿ ಮೂರು ದಾರಿ ಹಿಡಿಯಿತು.

‘ಇಂದ’ ಕೂಡ ಹೀಗೆಯೇ. ಜನರಿಂದ ತುಂಬಿದ ಬಸ್ಸು ‘ಫುಲ್ ಆಫ್ ಪೀಪಲ್’. ರಿಸಲ್ಟಿನಿಂದ ಖುಷಿಯಾಗಿದೆ ಅಂದರೆ ‘ಹ್ಯಾಪಿ ವಿತ್ ದಿ ರಿಸಲ್ಟ್’. ಅಪಾಯದಿಂದ ದೂರ, ಸುರಕ್ಷಿತ ಅನ್ನುವಾಗ ಮಾತ್ರ ‘ಸೇಫ್ ಫ್ರಮ್’.

‘ಮೇಲೆ’ ಅಂತೂ ಇನ್ನೂ ಜಾಸ್ತಿ ಮೋಸ ಮಾಡುತ್ತದೆ. ಅವಳ ಮೇಲೆ ಹೊಟ್ಟೆಕಿಚ್ಚು: ‘ಜೆಲಸ್ ಆಫ್ ಹರ್’. ಅವನ ಮೇಲೆ ಸಿಟ್ಟು: ‘ಆಂಗ್ರಿ ವಿತ್ ಹಿಮ್’. ಮಕ್ಕಳ ಮೇಲೆ ಪ್ರೀತಿ: ‘ಫಾಂಡ್ ಆಫ್ ಚಿಲ್ಡ್ರನ್’. ಅಪ್ಪ ಅಮ್ಮನ ಮೇಲೆ ಅವಲಂಬನೆ: ಇದೊಂದರಲ್ಲಿ ಆನ್ ಬರುತ್ತದೆ, ‘ಡಿಪೆಂಡೆಂಟ್ ಆನ್ ಪೇರೆಂಟ್ಸ್’. ಆದರೆ ಅವಲಂಬಿಸಿಲ್ಲ ಅನ್ನಬೇಕಾದರೆ ಮತ್ತೆ ಬದಲಾಗುತ್ತದೆ, ‘ಇಂಡಿಪೆಂಡೆಂಟ್ ಆಫ್’.

ಹಾಗಾಗಿ ವಿಭಕ್ತಿಗೆ ಸಮನಾದ ಪದ ಹುಡುಕಬೇಡಿ. ಗುಣವಾಚಕವನ್ನು ಅದರ ಜೊತೆಗಾರನ ಸಮೇತ ಒಂದೇ ಪದ ಅಂತ ಕಲಿಯಿರಿ. ‘ಅಫ್ರೈಡ್’ ಅನ್ನುವ ಪದವನ್ನು ಒಂಟಿಯಾಗಿ ಬರೆದುಕೊಳ್ಳಲೇ ಬೇಡಿ. ನಿಮ್ಮ ಪುಸ್ತಕದಲ್ಲಿ ಅದು ಯಾವತ್ತೂ ‘ಅಫ್ರೈಡ್ ಆಫ್’.

ಮೂರನೇ ಹೆಜ್ಜೆ: ಒಂಬತ್ತು ಪುಟದ ನೋಟ್‌ಬುಕ್ಕು

ಒಂದು ನೋಟ್‌ಬುಕ್ಕು ತೆಗೆದುಕೊಳ್ಳಿ, ಇಪ್ಪತ್ತು ರೂಪಾಯಿಯದ್ದು ಆದರೂ ಸಾಕು. ಒಂದೊಂದು ಪುಟದ ಮೇಲೆ ಒಂದೊಂದು ಪ್ರಿಪೊಸಿಷನ್ ಬರೆಯಿರಿ: ಆಫ್, ಅಟ್, ವಿತ್, ಟು, ಇನ್, ಫಾರ್, ಅಬೌಟ್, ಆನ್, ಫ್ರಮ್. ಗುಣವಾಚಕಗಳನ್ನು ಎ ಬಿ ಸಿ ಡಿ ಕ್ರಮದಲ್ಲಿ ಬರೆದರೆ ತಲೆಯಲ್ಲಿ ಕೂರುವುದಿಲ್ಲ. ಒಂದೇ ಪ್ರಿಪೊಸಿಷನ್ ಹಿಡಿಯುವ ಪದಗಳು ಒಂದೇ ಪುಟದಲ್ಲಿದ್ದರೆ ಒಂದನ್ನು ನೋಡಿ ಇನ್ನೊಂದು ನೆನಪಾಗುತ್ತದೆ.

ಪ್ರತಿ ಜೋಡಿಗೂ ನಿಮ್ಮ ಜೀವನದ ಒಂದು ವಾಕ್ಯ ಬರೆಯಲೇಬೇಕು. ಗೈಡಿನ ವಾಕ್ಯ ಬೇಡ. ಆ ಔಷಧಿ ಅಂಗಡಿ ಹುಡುಗಿ ಟು ಪುಟದಲ್ಲಿ ಬರೆದ ಮೊದಲ ವಾಕ್ಯ: ‘ದಿಸ್ ಲೇಡಿ ಈಸ್ ಅಲರ್ಜಿಕ್ ಟು ಪೆನಿಸಿಲಿನ್.’ ಅಂಗಡಿಗೆ ಬಂದವರೊಬ್ಬರು ಹೇಳಿದ್ದನ್ನು ಕೇಳಿಸಿಕೊಂಡು ಬರೆದಿದ್ದಳು. ‘ಟು’ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ. ಅವಳು ಆ ಜೋಡಿಯನ್ನು ಮರೆಯುವುದಿಲ್ಲ, ಯಾಕೆಂದರೆ ಆ ವಾಕ್ಯಕ್ಕೆ ಒಂದು ಮುಖ ಇದೆ.

ಈಗ ಪುಟ ಪುಟವಾಗಿ ನೋಡೋಣ.

ಆಫ್ ಪುಟ

ಇದೇ ಅತಿ ಉದ್ದದ ಪುಟ. ಮನಸ್ಸಿನೊಳಗಿನ ಭಾವನೆ ಇನ್ನೊಂದರ ಕಡೆ ತಿರುಗಿದ್ದರೆ ತುಂಬಾ ಸಲ ಆಫ್ ಬರುತ್ತದೆ. ಅಫ್ರೈಡ್ ಆಫ್, ಸ್ಕೇರ್ಡ್ ಆಫ್, ಪ್ರೌಡ್ ಆಫ್, ಅಶೇಮ್ಡ್ ಆಫ್, ಜೆಲಸ್ ಆಫ್, ಫಾಂಡ್ ಆಫ್. ತಿಳಿವಳಿಕೆ ಮತ್ತು ಸಾಮರ್ಥ್ಯದ ಪದಗಳೂ ಇಲ್ಲೇ ಬರುತ್ತವೆ: ಅವೇರ್ ಆಫ್, ಶೂರ್ ಆಫ್, ಕೇಪಬಲ್ ಆಫ್.

‘ಅಫ್ರೈಡ್’ ಪಕ್ಕ ಫಾರ್ ಹಾಕಿದರೆ ಅರ್ಥವೇ ಬದಲಾಗುತ್ತದೆ. ‘ಐ ಆಮ್ ಅಫ್ರೈಡ್ ಫಾರ್ ಮೈ ಸನ್’ ಅಂದರೆ ಮಗನಿಗೆ ಏನಾದರೂ ಆಗಿಬಿಟ್ಟೀತು ಅನ್ನುವ ಆತಂಕ. ‘ಅಫ್ರೈಡ್ ಫಾರ್ ಡಾಗ್ಸ್’ ಅಂತ ಹೇಳಿದರೆ ನಾಯಿಗಳಿಗೆ ಏನಾಗುತ್ತದೋ ಅಂತ ನೀವು ಚಿಂತೆ ಮಾಡುತ್ತಿದ್ದೀರಿ ಅಂತ ಅರ್ಥ.

‘ಟೈರ್ಡ್ ಆಫ್’ ಅಂದರೆ ಸಾಕಾಗಿಹೋಗಿದೆ. ‘ಐ ಆಮ್ ಟೈರ್ಡ್ ಆಫ್ ದಿಸ್ ಟ್ರಾಫಿಕ್.’ ಸಿಲ್ಕ್ ಬೋರ್ಡ್ ದಾರಿಯಲ್ಲಿ ದಿನಾ ಓಡಾಡುವವರಿಗೆ ಈ ವಾಕ್ಯ ತಾನಾಗಿಯೇ ಬಾಯಿಗೆ ಬರುತ್ತದೆ. ಮೈ ದಣಿದಿದೆ ಅನ್ನಬೇಕಾದರೆ ‘ಟೈರ್ಡ್ ಫ್ರಮ್ ವಾಕಿಂಗ್’. ಒಂದು ಮನಸ್ಸಿನ ದಣಿವು, ಇನ್ನೊಂದು ಮೈ ದಣಿವು.

‘ಫುಲ್ ಆಫ್’ ಸರಿ, ಆದರೆ ‘ಫಿಲ್ಡ್’ ಅಂದರೆ ‘ಫಿಲ್ಡ್ ವಿತ್’. ಅರ್ಥ ಹತ್ತಿರ, ಜೊತೆಗಾರ ಬೇರೆ.

ಅಟ್ ಪುಟ

ಕೈಚಳಕ, ಜಾಣ್ಮೆ, ಅದು ಇಲ್ಲದಿರುವುದು, ಎಲ್ಲಕ್ಕೂ ಅಟ್. ಗುಡ್ ಅಟ್, ಬ್ಯಾಡ್ ಅಟ್, ಎಕ್ಸಲೆಂಟ್ ಅಟ್, ಕ್ಲೆವರ್ ಅಟ್. ನಮ್ಮ ‘ಲೆಕ್ಕದಲ್ಲಿ’ ಇಲ್ಲಿ ನುಗ್ಗಿ ‘ಗುಡ್ ಇನ್ ಮ್ಯಾಥ್ಸ್’ ಮಾಡಿಸುತ್ತದೆ. ‘ಗುಡ್ ಇನ್’ ಕೆಲವು ಕಡೆ ಬಳಕೆಯಲ್ಲೂ ಇದೆ, ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಪರೀಕ್ಷೆಗೂ ಇಂಟರ್‌ವ್ಯೂಗೂ ‘ಗುಡ್ ಅಟ್’ ಗಟ್ಟಿ.

‘ಗುಡ್’ ಅನ್ನುವ ಈ ಒಂದು ಪದದ ಮೇಲೆ ಸ್ವಲ್ಪ ಹೊತ್ತು ಕಳೆಯಬೇಕು. ಇದು ನಾಲ್ಕು ಜೊತೆಗಾರರನ್ನು ಇಟ್ಟುಕೊಳ್ಳುತ್ತದೆ, ನಾಲ್ಕೂ ಕಡೆ ಅರ್ಥ ಬೇರೆ.

‘ಮೈ ಮದರ್ ಈಸ್ ಗುಡ್ ಅಟ್ ರಂಗೋಲಿ.’ ಅಮ್ಮನ ಕೈ ರಂಗೋಲಿಯಲ್ಲಿ ಪಳಗಿದೆ.

‘ರಾಗಿ ಈಸ್ ಗುಡ್ ಫಾರ್ ಯು.’ ರಾಗಿ ಮೈಗೆ ಒಳ್ಳೆಯದು.

‘ಶಿ ಈಸ್ ಗುಡ್ ವಿತ್ ಚಿಲ್ಡ್ರನ್.’ ಮಕ್ಕಳು ಅವಳ ಹತ್ತಿರ ಬೇಗ ಹೊಂದಿಕೊಳ್ಳುತ್ತಾರೆ, ಅವಳಿಗೆ ಮಕ್ಕಳನ್ನು ಸಂಭಾಳಿಸುವುದು ಗೊತ್ತು.

‘ಅವರ್ ಹೌಸ್ ಓನರ್ ವಾಸ್ ಗುಡ್ ಟು ಅಸ್.’ ಮನೆ ಓನರ್ ನಮ್ಮನ್ನು ಚೆನ್ನಾಗಿ ನೋಡಿಕೊಂಡರು.

ಕ್ಲಾಸಿನಲ್ಲಿ ಈ ನಾಲ್ಕು ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆದು, ಪುಟ್ಟ ಪದವನ್ನು ಮಾತ್ರ ಒರೆಸಿ ಕೇಳುತ್ತೇನೆ. ನೀವೂ ಮನೆಯಲ್ಲಿ ಮಾಡಿ ನೋಡಿ. ಪುಟ್ಟ ಪದ ಸುಮ್ನೆ ಅಂಟಿಸಿದ ಬಾಲ ಅಲ್ಲ, ಅರ್ಥ ಅದರೊಳಗೇ ಕೂತಿದೆ ಅಂತ ಆಗ ಗೊತ್ತಾಗುತ್ತದೆ.

ವಿತ್ ಪುಟ

ಆಂಗ್ರಿ ವಿತ್, ಹ್ಯಾಪಿ ವಿತ್, ಪ್ಲೀಸ್ಡ್ ವಿತ್, ಬಿಜಿ ವಿತ್, ಫ್ಯಾಮಿಲಿಯರ್ ವಿತ್. ಮನುಷ್ಯರ ಮೇಲೆ ಕೋಪ ಬಂದರೆ ‘ಆಂಗ್ರಿ ವಿತ್’ ಅಥವಾ ‘ಆಂಗ್ರಿ ಅಟ್’, ಎರಡೂ ನಡೆಯುತ್ತದೆ. ವಿಷಯದ ಬಗ್ಗೆ ಕೋಪ ಇದ್ದರೆ ‘ಆಂಗ್ರಿ ಅಬೌಟ್’. ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಬಹುದು: ‘ದಿ ಕಸ್ಟಮರ್ ವಾಸ್ ಆಂಗ್ರಿ ವಿತ್ ಮಿ ಅಬೌಟ್ ದಿ ಬಿಲ್.’ ಆನ್ ಮಾತ್ರ ಬರುವುದಿಲ್ಲ.

‘ಫ್ಯಾಮಿಲಿಯರ್’ ಎರಡು ದಿಕ್ಕಿಗೆ ತಿರುಗುವ ಪದ. ‘ಐ ಆಮ್ ಫ್ಯಾಮಿಲಿಯರ್ ವಿತ್ ದಿಸ್ ಏರಿಯಾ’ ಅಂದರೆ ನನಗೆ ಈ ಏರಿಯಾ ಪರಿಚಯ ಇದೆ. ವಾಕ್ಯವನ್ನು ಏರಿಯಾದಿಂದ ಶುರು ಮಾಡಿದರೆ ‘ದಿಸ್ ಏರಿಯಾ ಈಸ್ ಫ್ಯಾಮಿಲಿಯರ್ ಟು ಮಿ’. ನಮ್ಮ ‘ನನಗೆ’ ಇಲ್ಲಿ ‘ಟು ಮಿ’ ಆಗಿ ವಾಪಸ್ ಬಂತು ನೋಡಿ.

ಟು ಪುಟ

ಅಲರ್ಜಿಕ್ ಟು, ಅಡಿಕ್ಟೆಡ್ ಟು, ಸಿಮಿಲರ್ ಟು, ಕ್ಲೋಸ್ ಟು, ರಿಲೇಟೆಡ್ ಟು. ಬೇರೆಯವರ ಜೊತೆ ನಡೆದುಕೊಳ್ಳುವ ರೀತಿ ಹೇಳುವ ಪದಗಳೂ ಇಲ್ಲೇ: ಕೈಂಡ್ ಟು, ಪೊಲೈಟ್ ಟು, ರೂಡ್ ಟು. ಒಬ್ಬರ ಒಳ್ಳೆಯತನ ಮೆಚ್ಚಿ ಹೇಳುವಾಗ ಮಾತ್ರ ಆಫ್: ‘ಇಟ್ ವಾಸ್ ಕೈಂಡ್ ಆಫ್ ಯು ಟು ಕಮ್.’ ನೀವು ಬಂದಿದ್ದು ನಿಮ್ಮ ದೊಡ್ಡ ಗುಣ ಅಂತ.

ಇಲ್ಲಿ ಮೂರು ಕಡೆ ಹುಷಾರಾಗಿರಬೇಕು.

ಮೊದಲನೆಯದು ಮದುವೆ. ಕನ್ನಡದಲ್ಲಿ ಒಬ್ಬರ ‘ಜೊತೆ’ ಮದುವೆ. ಅದನ್ನು ಇಳಿಸಿದರೆ ‘ಮ್ಯಾರೀಡ್ ವಿತ್’ ಆಗುತ್ತದೆ. ಸರಿಯಾದದ್ದು ‘ಮ್ಯಾರೀಡ್ ಟು’. ‘ಮೈ ಸಿಸ್ಟರ್ ಈಸ್ ಮ್ಯಾರೀಡ್ ಟು ಎ ಟೀಚರ್.’ ‘ಮ್ಯಾರೀಡ್ ವಿತ್ ಟೂ ಚಿಲ್ಡ್ರನ್’ ಅಂತ ಎಲ್ಲಾದರೂ ಓದಿದರೆ ಗಾಬರಿಯಾಗಬೇಡಿ. ಮದುವೆಯಾಗಿದೆ, ಇಬ್ಬರು ಮಕ್ಕಳಿದ್ದಾರೆ ಅಂತ ಅದರ ಅರ್ಥ. ಎಂಗೇಜ್‌ಮೆಂಟ್ ಆಗಿದ್ದರೂ ‘ಎಂಗೇಜ್ಡ್ ಟು’.

ಎರಡನೆಯದು ಆಫೀಸಿನ ಮಾತು. ‘ಅವರು ನನಗಿಂತ ಸೀನಿಯರ್.’ ‘ಗಿಂತ’ ಅಂದಕೂಡಲೇ ‘ದ್ಯಾನ್’ ಬಾಯಿಗೆ ಬರುತ್ತದೆ. ಆದರೆ ಸೀನಿಯರ್, ಜೂನಿಯರ್, ಸುಪೀರಿಯರ್, ಇನ್ಫೀರಿಯರ್ ಪದಗಳು ಲ್ಯಾಟಿನ್‌ನಿಂದ ಬಂದವು. ಅಲ್ಲಿಯೇ ‘ಇನ್ನೊಂದಕ್ಕಿಂತ ಹೆಚ್ಚು, ಇನ್ನೊಂದಕ್ಕಿಂತ ಕಡಿಮೆ’ ಅನ್ನುವ ಹೋಲಿಕೆಯನ್ನು ಒಳಗೆ ಕಟ್ಟಿಕೊಂಡು ಬಂದಿವೆ. ಅವಕ್ಕೆ ದ್ಯಾನ್ ಸೇರುವುದಿಲ್ಲ. ‘ಶಿ ಈಸ್ ಸೀನಿಯರ್ ಟು ಮಿ.’

ಮೂರನೆಯದು ‘ಯೂಸ್ಡ್ ಟು’. ‘ಐ ಆಮ್ ಯೂಸ್ಡ್ ಟು ವೇಟಿಂಗ್’ ಅಂದರೆ ಕಾಯುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ‘ಐ ಯೂಸ್ಡ್ ಟು ವೇಟ್’ ಅಂದರೆ ಮುಂಚೆ ಕಾಯುತ್ತಿದ್ದೆ, ಈಗಿಲ್ಲ. ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವವರು ಮೊದಲನೆಯದನ್ನು ಹೇಳಬಹುದು, ಮೆಟ್ರೋ ಹಿಡಿದವರು ಎರಡನೆಯದನ್ನು. ‘ಆಮ್’ ಇದೆಯೋ ಇಲ್ಲವೋ ನೋಡಿಕೊಳ್ಳಿ, ಗೊಂದಲ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಇನ್ ಪುಟ

ಇಂಟ್ರೆಸ್ಟೆಡ್ ಇನ್, ಫ್ಲುಯೆಂಟ್ ಇನ್, ರಿಚ್ ಇನ್, ಇನ್ವಾಲ್ವ್ಡ್ ಇನ್. ನಮ್ಮ ‘ಅಲ್ಲಿ’ ಇಲ್ಲಿ ಸರಿಯಾಗಿ ಕೂರುವುದರಿಂದ ಕಷ್ಟ ಕಡಿಮೆ.

ಆದರೂ ನನಗೆ ಪೆಟ್ಟು ಬಿದ್ದಿದ್ದು ಇದೇ ಪುಟದಲ್ಲಿ. ನಾನು ಓದಿದ್ದು ಕನ್ನಡ ಮೀಡಿಯಂ. ಬೆಂಗಳೂರಿಗೆ ಬಂದು ಸೇರಿದ ಮೊದಲ ಆಫೀಸಿನಲ್ಲಿ ಒಂದು ಮೇಲ್ ಬರೆದಿದ್ದೆ: ‘ಐ ಆಮ್ ಇಂಟ್ರೆಸ್ಟೆಡ್ ಟು ದಿಸ್ ಪ್ರಾಜೆಕ್ಟ್.’ ಮೇಲಿನವರೊಬ್ಬರು ಅದನ್ನು ಎಲ್ಲರ ಮುಂದೆ ಜೋರಾಗಿ ಓದಿದರು. ಎಲ್ಲರೂ ನಕ್ಕರು. ‘ಇನ್’ ಬರಬೇಕಮ್ಮ ಅಂತ ಒಬ್ಬರೂ ಹೇಳಲಿಲ್ಲ. ಅವತ್ತು ಊಟ ಸೇರಲಿಲ್ಲ. ಇವತ್ತು ನನ್ನ ಕ್ಲಾಸಿನಲ್ಲಿ ಯಾರಾದರೂ ತಪ್ಪು ಹೇಳಿದರೆ ಬೇರೆ ಯಾರೂ ನಗುವ ಹಾಗಿಲ್ಲ. ಅದೊಂದೇ ಕಟ್ಟುನಿಟ್ಟು.

‘ಇಂಟ್ರೆಸ್ಟೆಡ್ ಟು’ ಪೂರ್ತಿ ಇಲ್ಲವೇ ಇಲ್ಲ ಅಂತಲ್ಲ. ‘ಐ ವಾಸ್ ಇಂಟ್ರೆಸ್ಟೆಡ್ ಟು ಹಿಯರ್ ದಟ್’ ಸರಿ. ಕೇಳುವುದು, ನೋಡುವುದು, ತಿಳಿಯುವುದು ತರಹದ ಕ್ರಿಯಾಪದ ಮುಂದೆ ಬಂದಾಗ ಹೀಗೆ ಹೇಳುತ್ತಾರೆ. ವಸ್ತುವೋ ವಿಷಯವೋ ಕೆಲಸವೋ ಆದರೆ ಇನ್.

ಫಾರ್ ಪುಟ

ಫೇಮಸ್ ಫಾರ್, ರೆಸ್ಪಾನ್ಸಿಬಲ್ ಫಾರ್, ರೆಡಿ ಫಾರ್, ಲೇಟ್ ಫಾರ್, ಎಲಿಜಿಬಲ್ ಫಾರ್. ಈ ಪುಟ ತುಂಬಿಸಲು ನಮ್ಮ ಊರೇ ಸಾಕು. ‘ಬಸವನಗುಡಿ ಈಸ್ ಫೇಮಸ್ ಫಾರ್ ದಿ ಕಡಲೆಕಾಯಿ ಪರಿಷೆ.’ ಕಾರ್ತಿಕ ಮಾಸದ ಕೊನೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ನಿಂತು ಈ ವಾಕ್ಯ ಹೇಳಿ ನೋಡಿ, ಮರೆಯುವುದಿಲ್ಲ. ‘ಲಾಲ್‌ಬಾಗ್ ಈಸ್ ಫೇಮಸ್ ಫಾರ್ ಇಟ್ಸ್ ಗ್ಲಾಸ್ ಹೌಸ್.’ 1889ರ ಆ ಗಾಜಿನ ಮನೆಯಲ್ಲೇ ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯ ದಿನಕ್ಕೂ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ‘ಗಾಂಧಿ ಬಜಾರ್ ಈಸ್ ಫೇಮಸ್ ಫಾರ್ ಮಸಾಲೆ ದೋಸೆ.’ ಅಲ್ಲಿನ ವಿದ್ಯಾರ್ಥಿ ಭವನ ಹೋಟೆಲ್ 1943ರದ್ದು.

‘ನೋನ್’ ಪದವನ್ನೂ ಇಲ್ಲೇ ಸೇರಿಸಿಕೊಳ್ಳಿ. ‘ಬೆಂಗಳೂರು ಈಸ್ ನೋನ್ ಫಾರ್ ಇಟ್ಸ್ ವೆದರ್’, ಹವೆಗೆ ಹೆಸರಾಗಿದೆ. ‘ನೋನ್ ಆಸ್ ದಿ ಗಾರ್ಡನ್ ಸಿಟಿ’, ಉದ್ಯಾನನಗರಿ ಅಂತ ಕರೆಸಿಕೊಂಡಿದೆ.

ಕೆಲಸದ ಜವಾಬ್ದಾರಿ ‘ರೆಸ್ಪಾನ್ಸಿಬಲ್ ಫಾರ್’, ಯಾರಿಗೆ ಉತ್ತರ ಕೊಡಬೇಕೋ ಅವರಿಗೆ ‘ರೆಸ್ಪಾನ್ಸಿಬಲ್ ಟು’. ‘ಐ ಆಮ್ ಸಾರಿ ಫಾರ್ ಬೀಯಿಂಗ್ ಲೇಟ್’ ಕ್ಷಮೆ ಕೇಳುವ ಮಾತು. ‘ಐ ಫೀಲ್ ಸಾರಿ ಫಾರ್ ಹಿಮ್’ ಅಂದರೆ ಅವನನ್ನು ನೋಡಿದರೆ ಅಯ್ಯೋ ಅನ್ನಿಸುತ್ತದೆ.

ಉಳಿದ ಮೂರು ಪುಟ ಚಿಕ್ಕವು. ಅಬೌಟ್ ಅಂದರೆ ನಮ್ಮ ‘ಬಗ್ಗೆ’: ವರೀಡ್ ಅಬೌಟ್, ಎಕ್ಸೈಟೆಡ್ ಅಬೌಟ್, ನರ್ವಸ್ ಅಬೌಟ್, ಕ್ಯೂರಿಯಸ್ ಅಬೌಟ್. ಹೆಮ್ಮೆಗೆ ಮಾತ್ರ ಅಬೌಟ್ ಹಾಕಬೇಡಿ, ಅದು ‘ಪ್ರೌಡ್ ಆಫ್’. ಆನ್ ಪುಟದಲ್ಲಿ ಡಿಪೆಂಡೆಂಟ್ ಆನ್, ಕೀನ್ ಆನ್. ಫ್ರಮ್ ಪುಟದಲ್ಲಿ ಡಿಫರೆಂಟ್ ಫ್ರಮ್, ಆಬ್ಸೆಂಟ್ ಫ್ರಮ್, ಫಾರ್ ಫ್ರಮ್ (ಇದು ದೂರ ಅನ್ನುವ ಅರ್ಥದ ಫಾರ್), ಸೇಫ್ ಫ್ರಮ್. ರಜೆ ಪತ್ರದಲ್ಲಿ ‘ಆಬ್ಸೆಂಟ್ ಟು ಆಫೀಸ್’ ಅಂತ ಬರೆಯುವವರು ತುಂಬಾ ಜನ. ಅದು ‘ಆಬ್ಸೆಂಟ್ ಫ್ರಮ್ ವರ್ಕ್’. ಡಿಫರೆಂಟ್ ವಿಷಯಕ್ಕೆ ಬಂದರೆ ಬ್ರಿಟಿಷರಲ್ಲಿ ‘ಡಿಫರೆಂಟ್ ಟು’, ಅಮೆರಿಕನ್ನರಲ್ಲಿ ‘ಡಿಫರೆಂಟ್ ದ್ಯಾನ್’ ಕೂಡ ಕೇಳಿಬರುತ್ತದೆ. ‘ಫ್ರಮ್’ ಎರಡೂ ಕಡೆ ನಡೆಯುತ್ತದೆ, ಅದನ್ನೇ ಇಟ್ಟುಕೊಳ್ಳಿ.

ನಾಲ್ಕನೇ ಹೆಜ್ಜೆ: ಮುಂದೆ ಕ್ರಿಯಾಪದ ಬಂದರೆ ‘ಇಂಗ್’

ಹಾಡುವುದರಲ್ಲಿ ಜಾಣೆ. ಇಲ್ಲಿ ‘ಹಾಡು’ ಅನ್ನುವ ಕ್ರಿಯೆಗೆ ನಾವು ಸೀದಾ ‘ಅಲ್ಲಿ’ ಅಂಟಿಸಲಿಲ್ಲ. ಮೊದಲು ‘ಹಾಡುವುದು’ ಮಾಡಿಕೊಂಡೆವು, ಆಮೇಲೆ ವಿಭಕ್ತಿ ಸೇರಿಸಿದೆವು. ಇಂಗ್ಲಿಷ್‌ನಲ್ಲೂ ಅದೇ ಕೆಲಸ ನಡೆಯುತ್ತದೆ. ಸಿಂಗ್ ಹೋಗಿ ಸಿಂಗಿಂಗ್ ಆಗುತ್ತದೆ: ‘ಗುಡ್ ಅಟ್ ಸಿಂಗಿಂಗ್.’ ನಮ್ಮ ‘ವುದು’ ಇದ್ದ ಕಡೆ ಅವರ ‘ಇಂಗ್’ ಅಂತ ಇಟ್ಟುಕೊಳ್ಳಿ.

ಕಾಯುವುದು ಸಾಕಾಗಿದೆ: ‘ಟೈರ್ಡ್ ಆಫ್ ವೇಟಿಂಗ್’. ಕಲಿಯುವುದರಲ್ಲಿ ಆಸಕ್ತಿ: ‘ಇಂಟ್ರೆಸ್ಟೆಡ್ ಇನ್ ಲರ್ನಿಂಗ್’. ‘ಗುಡ್ ಅಟ್ ಟು ಸಿಂಗ್’ ಅಂತ ಯಾವತ್ತೂ ಬರುವುದಿಲ್ಲ. ‘ಯೂಸ್ಡ್ ಟು ವೇಟಿಂಗ್’ ಅಂದಾಗ ‘ಟು’ ಆದಮೇಲೂ ಇಂಗ್ ಬಂದಿದ್ದು ಯಾಕೆ ಅಂತ ಈಗ ಹೊಳೆದಿರಬೇಕು. ಆ ಟು ಇಲ್ಲಿ ಪ್ರಿಪೊಸಿಷನ್.

ಐದನೇ ಹೆಜ್ಜೆ: ಪ್ರಶ್ನೆ ಕೇಳುವಾಗ ಬಾಲ ಬಿಡಬೇಡಿ

ಕನ್ನಡದಲ್ಲಿ ‘ಯಾವುದಕ್ಕೆ ಭಯ?’ ಅಂತ ಕೇಳುತ್ತೇವೆ. ವಿಭಕ್ತಿ ಪ್ರಶ್ನೆಯ ಪದದೊಳಗೇ ಸೇರಿಕೊಂಡಿದೆ. ಹಾಗಾಗಿ ಇಂಗ್ಲಿಷ್‌ನಲ್ಲಿ ಕೇಳುವಾಗ ‘ವಾಟ್ ಆರ್ ಯು ಅಫ್ರೈಡ್?’ ಅಂತ ನಿಲ್ಲಿಸಿಬಿಡುತ್ತೇವೆ. ನಮಗೆ ಎಲ್ಲ ಹೇಳಿ ಮುಗಿಸಿದ ಹಾಗೆ ಅನ್ನಿಸುತ್ತದೆ. ಆದರೆ ಆಫ್ ಉಳಿದುಹೋಯಿತು. ಅದು ಕೊನೆಯಲ್ಲಿ ಬರಬೇಕು: ‘ವಾಟ್ ಆರ್ ಯು ಅಫ್ರೈಡ್ ಆಫ್?’ ‘ಹೂ ಈಸ್ ಶಿ ಆಂಗ್ರಿ ವಿತ್?’ ‘ವಾಟ್ ಆರ್ ಯು ಸೋ ಹ್ಯಾಪಿ ಅಬೌಟ್?’

ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಬರಬಾರದು ಅಂತ ಕೆಲವು ಮೇಷ್ಟ್ರು ಹೇಳಿಕೊಟ್ಟಿರುತ್ತಾರೆ. ದಿನದ ಮಾತಿನಲ್ಲಿ ಅದು ಧಾರಾಳವಾಗಿ ಬರುತ್ತದೆ. ಅಳುಕದೆ ಹೇಳಿ.

ಕೆಲವು ಗುಣವಾಚಕಗಳಿಗೆ ಜೊತೆಗಾರನೇ ಬೇಡ. ‘ವರ್ತ್’ ಅಂಥದ್ದು. ‘ದಿ ಫ್ಲವರ್ ಶೋ ಈಸ್ ವರ್ತ್ ಸೀಯಿಂಗ್.’ ‘ದಿಸ್ ಸ್ಯಾರಿ ಈಸ್ ವರ್ತ್ 2000 ರುಪೀಸ್.’ ನಡುವೆ ಏನೂ ಸೇರಿಸಬೇಡಿ.

ಆರನೇ ಹೆಜ್ಜೆ: ಕಿವಿಯನ್ನು ಪಳಗಿಸಿ

ಇಷ್ಟು ವರ್ಷ ಇಂಗ್ಲಿಷ್ ಕೇಳಿದರೂ ಈ ಜೋಡಿಗಳು ಯಾಕೆ ನಮಗೆ ಬರಲಿಲ್ಲ? ಅವು ಸರಿಯಾಗಿ ಕೇಳಿಸುವುದೇ ಇಲ್ಲ, ಅದಕ್ಕೆ. ಇಂಗ್ಲಿಷ್‌ನವರು ಪುಟ್ಟ ಪದಗಳನ್ನು ಒತ್ತಿ ಹೇಳುವುದಿಲ್ಲ. ಆಫ್ ಅನ್ನುವುದು ‘ಅವ್’ ಆಗಿ ಹಿಂದಿನ ಪದಕ್ಕೆ ಅಂಟಿಕೊಳ್ಳುತ್ತದೆ. ‘ಅಫ್ರೈಡವ್’, ‘ಪ್ರೌಡವ್’, ‘ಫುಲವ್’. ಇನ್ ಸೇರಿದರೆ ‘ಇಂಟ್ರೆಸ್ಟೆಡಿನ್’, ಅಟ್ ಸೇರಿದರೆ ‘ಗುಡಟ್’. ನಮ್ಮ ಸಂಧಿಯ ಹಾಗೆಯೇ ಇದು. ‘ಊರು ಅಲ್ಲಿ’ ಅಂತ ನಾವು ಬಿಡಿಸಿ ಹೇಳುತ್ತೇವಾ? ‘ಊರಲ್ಲಿ’ ಅನ್ನುತ್ತೇವೆ.

ಆದ್ದರಿಂದ ನೋಟ್‌ಬುಕ್ಕಿನ ವಾಕ್ಯಗಳನ್ನು ಮನಸ್ಸಿನಲ್ಲಿ ಓದಬೇಡಿ. ಬಾಯಿಬಿಟ್ಟು, ಜೋಡಿಯನ್ನು ಒಂದೇ ಉಸಿರಿನಲ್ಲಿ ಸೇರಿಸಿ ಓದಿ. ಮೆಟ್ರೋದಲ್ಲಿ ಹೋಗುವಾಗ ಹತ್ತು ನಿಮಿಷ ಇಂಗ್ಲಿಷ್ ನ್ಯೂಸ್ ಹಾಕಿಕೊಂಡು ಈ ಅಂಟಿದ ಪದಗಳನ್ನು ಮಾತ್ರ ಹಿಡಿಯಲು ನೋಡಿ. ಮೊದಲ ದಿನ ಒಂದು ಸಿಕ್ಕರೂ ಒಳ್ಳೆಯದು.

ಅನುಮಾನ ಬಂದರೆ ಕಲಿಯುವವರಿಗಾಗಿ ಮಾಡಿದ ಡಿಕ್ಷನರಿ ನೋಡಿ, ಮೊಬೈಲ್‌ನಲ್ಲೂ ಸಿಗುತ್ತದೆ. ಅಂಥ ಡಿಕ್ಷನರಿಯಲ್ಲಿ ಗುಣವಾಚಕದ ಪಕ್ಕದಲ್ಲೇ ಅದರ ಪ್ರಿಪೊಸಿಷನ್ ಬೇರೆಯಾಗಿ ಎದ್ದು ಕಾಣುವ ಹಾಗೆ ಅಚ್ಚಾಗಿರುತ್ತದೆ. ಅರ್ಥ ಮಾತ್ರ ನೋಡಿ ಮುಚ್ಚಬೇಡಿ, ಆ ಒಂದು ಪುಟ್ಟ ಪದವನ್ನೂ ನೋಡಿ.

ಏಳನೇ ಹೆಜ್ಜೆ: ದಿನಕ್ಕೆ ಐದೇ ಐದು

ಐವತ್ತನ್ನು ಒಂದೇ ದಿನ ಬಾಯಿಪಾಠ ಮಾಡಿದರೆ ಎಲ್ಲ ಕಲಸಿಹೋಗುತ್ತದೆ. ದಿನಕ್ಕೆ ಐದು ಜೋಡಿ ಸಾಕು. ರಾತ್ರಿ ಐದು ವಾಕ್ಯ ಬರೆಯಿರಿ. ಬೆಳಿಗ್ಗೆ ಪುಟ್ಟ ಪದದ ಮೇಲೆ ಬೆರಳಿಟ್ಟು ಮುಚ್ಚಿ ಓದಿ. ನಾಲ್ಕನೇ ದಿನ ಮೊದಲ ದಿನದ ಪುಟಕ್ಕೆ ವಾಪಸ್ ಬನ್ನಿ. ಯಾವುದು ಮರೆತಿರುತ್ತದೋ ಅದಕ್ಕೆ ಇನ್ನೊಂದು ಹೊಸ ವಾಕ್ಯ. ಹದಿನೈದು ದಿನಕ್ಕೆ ಎಪ್ಪತ್ತೈದು ಜೋಡಿ ಆಗುತ್ತದೆ. ಆಫೀಸು, ಅಂಗಡಿ, ಆಸ್ಪತ್ರೆ, ಮಕ್ಕಳ ಸ್ಕೂಲು, ಈ ಮಾತುಕತೆಗೆಲ್ಲ ಅಷ್ಟು ಬರುತ್ತದೆ.

ಇಂಟರ್‌ವ್ಯೂಗೆ ಹೋಗುವವರು ಈ ನಾಲ್ಕು ಸಾಲನ್ನು ನಿಮ್ಮ ಕೆಲಸಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಿ: ‘ಐ ಆಮ್ ಇಂಟ್ರೆಸ್ಟೆಡ್ ಇನ್ ದಿಸ್ ಜಾಬ್. ಐ ವಾಸ್ ರೆಸ್ಪಾನ್ಸಿಬಲ್ ಫಾರ್ ಬಿಲ್ಲಿಂಗ್. ಐ ಆಮ್ ಗುಡ್ ಅಟ್ ಟೈಪಿಂಗ್ ಅಂಡ್ ಫ್ಯಾಮಿಲಿಯರ್ ವಿತ್ ಟ್ಯಾಲಿ. ಐ ಆಮ್ ಫ್ಲುಯೆಂಟ್ ಇನ್ ಕನ್ನಡ.’ ಕೊನೆಯ ಸಾಲು ಬಿಡಬೇಡಿ. ಬೆಂಗಳೂರಿನಲ್ಲಿ ಜನರ ಜೊತೆ ಮಾಡುವ ಕೆಲಸಕ್ಕೆ ಅದು ದೊಡ್ಡ ಅರ್ಹತೆ.

ಈಗ ಇವನ್ನು ತುಂಬಿಸಿ, ಉತ್ತರ ಕೆಳಗಿದೆ.

1. ಮೈ ಫಾದರ್ ಈಸ್ ಅಡಿಕ್ಟೆಡ್ ____ ಫಿಲ್ಟರ್ ಕಾಫಿ.
2. ಐ ವಾಸ್ ಆಬ್ಸೆಂಟ್ ____ ವರ್ಕ್ ಆನ್ ಮಂಡೇ.
3. ವಾಟ್ ಈಸ್ ಯುವರ್ ವಿಲೇಜ್ ಫೇಮಸ್ ____?
4. ಹಿ ಈಸ್ ಬ್ಯಾಡ್ ____ ರಿಮೆಂಬರಿಂಗ್ ನೇಮ್ಸ್.
5. ಡೋಂಟ್ ಬಿ ರೂಡ್ ____ ದಿ ಓಲ್ಡ್ ಲೇಡಿ.
6. ಶಿ ಈಸ್ ಪ್ರೌಡ್ ____ ಹರ್ ಹ್ಯಾಂಡ್‌ರೈಟಿಂಗ್.
7. ಐ ಆಮ್ ನಾಟ್ ಶೂರ್ ____ ದಿ ಟೈಮಿಂಗ್.

ಮೊದಲನೆಯದು ಟು. ಎರಡನೆಯದು ಫ್ರಮ್. ಮೂರನೆಯದು ಫಾರ್, ಪ್ರಶ್ನೆಯ ಬಾಲ ಅದು. ನಾಲ್ಕನೆಯದು ಅಟ್, ಅದಾದಮೇಲೆ ಇಂಗ್ ಬಂದಿದೆ ನೋಡಿ. ಐದನೆಯದು ಟು. ಆರನೆಯದು ಆಫ್, ಕನ್ನಡದ ‘ಬಗ್ಗೆ’ ನೆನಪಾಗಿ ಅಬೌಟ್ ಬರೆದಿದ್ದರೆ ಆಫ್ ಪುಟಕ್ಕೆ ಇನ್ನೊಂದು ಸಲ ಹೋಗಿ ಬನ್ನಿ. ಏಳನೆಯದಕ್ಕೆ ಆಫ್ ಬರೆದವರೂ ಸರಿ, ಅಬೌಟ್ ಬರೆದವರೂ ಸರಿ.